ಮುಟ್ಟೀನಿ ಎಂದ ಮಾತು

ನಮ್ಮ ಮನೆಯವರು ಬಸ್ಸು ಇಳಿದ ಕೂಡಲೇ ಫೋನಿನಲ್ಲಿ ಹೇಳಬೇಕಾದ ಮಾತು ಒಂದೇ: ಮುಟ್ಟೀನಿ, ಅಂದರೆ ಊರು ಸೇರಿದೆ ಎಂದು. ಸಿರುಗುಪ್ಪದಿಂದ ತೆಕ್ಕಲಕೋಟೆಗೆ ಹೋದರೂ ಅಷ್ಟೇ, ಕುರುಗೋಡಿನಿಂದ ಬಳ್ಳಾರಿಗೆ ಹೋದರೂ ಅಷ್ಟೇ. ಸೀಟು ಸಿಕ್ಕಿತೋ, ಊಟ ಆಯಿತೋ, ಅವೆಲ್ಲ ಆಮೇಲಿನ ಮಾತು. ನಾನು ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದುವಾಗ, ರಜೆ ಮುಗಿಸಿ ಬಂದ ದಿನ, ಕಾಯಿನ್ ಬೂತಿನಿಂದ ಸಿರುಗುಪ್ಪದ ಒಂದು ಕಿರಾಣಿ ಅಂಗಡಿಗೆ ಫೋನು ಮಾಡುತ್ತಿದ್ದೆ. ಅಕ್ಕ ಮೊದಲೇ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. "ಮುಟ್ಟೀನಿ" ಅಂದರೆ "ಹೂಂ" ಅಂದು ಇಟ್ಟುಬಿಡುತ್ತಿದ್ದಳು. ಆ ಒಂದು ಹೂಂಗಾಗಿ ಅವಳು ಅರ್ಧ ಗಂಟೆ ಕೂತಿರುತ್ತಿದ್ದಳು ಎಂದು ಅಂಗಡಿಯವನು ನನಗೆ ಎಷ್ಟೋ ವರ್ಷದ ಮೇಲೆ ಹೇಳಿದ.

ನಮ್ಮ ಮನೆತನದಲ್ಲಿ ಡಿಗ್ರಿ ಎಂಬ ಕಾಗದ ಮೊದಲು ಬಂದದ್ದು ನನ್ನ ಕೈಗೆ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಅಪ್ಪ ಕುರುಗೋಡಿನ ಗುಡ್ಡದಲ್ಲಿ ಕಲ್ಲು ಒಡೆದು ಸತ್ತ. ಅವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು ಸತ್ತಳು. ನಾನು ಬಳ್ಳಾರಿಯ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೇನೆ. ಯಾರೂ ದಾರಿ ತೋರಿಸಲಿಲ್ಲ, ಯಾರೂ ಕೈ ಹಿಡಿದು ಎಳೆಯಲಿಲ್ಲ. ಹೀಗೆ ನಾನು ಎಲ್ಲರ ಮುಂದೆ ಹೇಳುತ್ತಾ ಬಂದವಳು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನನ್ನನ್ನು ಓದಿಸಲು ಅವಳು ಸಾಲಿ ಬಿಟ್ಟಳು ಎಂದು ಊರವರು ಹೇಳುತ್ತಾರೆ. ಅದು ಪೂರ್ತಿ ಖರೆ ಅಲ್ಲ. ಅವಳಿಗೆ ಭಾಗಾಕಾರ ಬರುತ್ತಿರಲಿಲ್ಲ, ಮಾಸ್ತರರು ಹೊಡೆಯುತ್ತಿದ್ದರು, ನಾಲ್ಕನೇ ಇಯತ್ತೆಯಲ್ಲಿ ಪಾಟಿ ಒಡೆದು ಮನೆಗೆ ಬಂದಳು. ಬಂದ ಮೇಲೆ ನನ್ನನ್ನು ಎತ್ತಿಕೊಂಡು ತಿರುಗುವ ಕೆಲಸ ಅವಳಿಗೆ ಬಿತ್ತು, ಅಷ್ಟೇ. ನಾನು ಸಾಲಿಗೆ ಹೋಗಿ ಎರಡಕ್ಷರ ಕಲಿತ ದಿನದಿಂದ ಅವಳ ಮಾತು ತಿದ್ದತೊಡಗಿದೆ. ಮನಿ ಅಲ್ಲ, ಮನೆ. ಸಾಲಿ ಅಲ್ಲ, ಶಾಲೆ. ಅವಳು ನಗುತ್ತಾ ಹೇಳಿದಂತೆ ಹೇಳುತ್ತಿದ್ದಳು, ಮರುಗಳಿಗೆಗೆ ಮತ್ತೆ ಮನಿ ಎನ್ನುತ್ತಿದ್ದಳು.

ಕಲ್ಲು ಹತ್ತುವುದನ್ನು ನನಗೆ ತೋರಿಸಿದವಳು ಅವಳೇ. ಕುರುಗೋಡಿನ ಗುಡ್ಡದ ಮೇಲೆ ಬಂಡೆಗಳ ಸಂದಿನಲ್ಲಿ ಸೀತಾಫಲದ ಗಿಡಗಳು ಬೆಳೆಯುತ್ತವೆ. ಹಣ್ಣಿನ ಕಾಲದಲ್ಲಿ ಅಕ್ಕ ಬರಿಗಾಲಲ್ಲಿ ಹತ್ತಿ ಕಿತ್ತು ಎಸೆಯುತ್ತಿದ್ದಳು, ನಾನು ಕೆಳಗೆ ಲಂಗ ಒಡ್ಡಿ ಹಿಡಿಯುತ್ತಿದ್ದೆ. ಬಂಡೆಗೆ ಹಸ್ತ ಊರಿ, ಹಿಮ್ಮಡಿ ಇಳಿಬಿಟ್ಟು, ಮೈ ಕಲ್ಲಿನಿಂದ ದೂರ ಇಟ್ಟು ಏರುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮುಂದೆ ಬಳ್ಳಾರಿಯಲ್ಲಿ ಭಾನುವಾರ ಬಂಡೆಗಳಿಗೆ ಹಗ್ಗ ಹಾಕಿ ಹತ್ತುವ ಗುಂಪು ಸೇರಿದಾಗ ತರಬೇತುದಾರರು ಹೇಳಿಕೊಟ್ಟದ್ದೂ ಅದನ್ನೇ. ನಾನು ಹಗ್ಗ ಕಟ್ಟಿಕೊಂಡ ಫೋಟೊ ತೋರಿಸಿದರೆ ಅಕ್ಕ, "ಹಗ್ಗ ದನಕ್ಕ ಕಟ್ಟತಾರ ಲೇ, ನಿನಗ್ಯಾಕ ಕಟ್ಯಾರ?" ಅಂದು ಬಿದ್ದು ಬಿದ್ದು ನಕ್ಕಳು.

ಅಕ್ಕನನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ಕಾಲುವೆ ನೀರಿನ ಊರು, ಭತ್ತದ ಊರು. ಅಲ್ಲಿ ಅವಳು ನಾಟಿ ಹಚ್ಚುವ ಹೆಂಗಸರ ಒಂದು ಗುಂಪಿಗೆ ಮುಂದಾಳಾಗಿದ್ದಳು. ಸಂಜೆ ಹೊಲದ ಸಾಹುಕಾರನ ಫೋನು ಅವಳಿಗೆ ಬರುತ್ತಿತ್ತು: ನಾಳೆ ಇಷ್ಟು ಆಳು ಬೇಕು. ಅವಳು ಮನೆಮನೆಯ ಬಾಗಿಲಿಗೆ ಹೋಗಿ, "ನಾಳೆ ಆರಕ್ಕ ಆಟೋ ಬರತೈತಿ" ಅನ್ನುತ್ತಿದ್ದಳು. ಆ ಒಂದು ಮಾತಿಗೆ ಹದಿನಾಲ್ಕು ಹೆಂಗಸರು ಬೇರೆ ಕೆಲಸ ಬಿಟ್ಟು, ರೊಟ್ಟಿ ಕಟ್ಟಿಕೊಂಡು, ಆರು ಗಂಟೆಗೆ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದರು. ಆಟೋ ತಡವಾದರೂ ಕಾಯುತ್ತಿದ್ದರು. ಆಕೆ ಹೇಳ್ಯಾಳ ಅಂದರೆ ಬರತೈತಿ. ಅಕ್ಕನಿಗೆ ಇದ್ದ ಆಸ್ತಿ ಇದೊಂದೇ.

ಆರು ವರ್ಷ ಬಂಡೆ ಹತ್ತಿದ ಮೇಲೆ ನನಗೆ ಹಿಮಾಲಯದ ಒಂದು ತಂಡದಲ್ಲಿ ಜಾಗ ಸಿಕ್ಕಿತು. ಆರು ಸಾವಿರ ಮೀಟರ್ ದಾಟಿದ ಶಿಖರ, ಹನ್ನೊಂದು ಜನ. ಹೊರಡುವ ದಿನ ಅಕ್ಕ ಕೇಳಿದ್ದು ಒಂದೇ: "ತುದೀನ ಮುಟ್ಟತಿ ಹೌದಿಲ್ಲ?" ನಾನು ಅಂದೆ: "ಮುಟ್ಟದ ಬರಂಗಿಲ್ಲ."

ಮುಟ್ಟದೇ ಬಂದೆ. ತಂಡದ ನಾಯಕ ಒಬ್ಬ ನಿವೃತ್ತ ಸೈನಿಕ. ಹನ್ನೆರಡು ಗಂಟೆಗೆ ಎಲ್ಲಿದ್ದರೂ ತಿರುಗಬೇಕು ಎಂಬುದು ಅವನ ಕಟ್ಟಳೆ. ಹತ್ತೂವರೆಗೇ ನಾನು ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಿದ್ದೆ. ಎಡಗೈಯ ಎರಡು ಬೆರಳು ಮರಗಟ್ಟಿದ್ದವು. ಮೇಲೆ ಶಿಖರ ನಿಚ್ಚಳ ಕಾಣುತ್ತಿತ್ತು. ಇನ್ನೂರು ಮೀಟರ್ ಕೂಡ ಉಳಿದಿರಲಿಲ್ಲ. ನಮ್ಮ ಕುರುಗೋಡು ಗುಡ್ಡದಷ್ಟು. ಆ ಗುಡ್ಡವನ್ನು ಅಕ್ಕನ ಹಿಂದೆ ಅರ್ಧ ಗಂಟೆಯಲ್ಲಿ ಹತ್ತುತ್ತಿದ್ದವಳು ನಾನು. ನಾಯಕ ನನ್ನ ಮುಖ ನೋಡಿ ಹಿಂದಿಯಲ್ಲಿ, "ಸಾಕು, ಇಳಿ" ಅಂದ. ನಾನು ಬೇಡಿಕೊಂಡೆ. ಅತ್ತೆ. ಅವನು ದನಿ ಏರಿಸದೆ ಹೇಳಿದ: "ನೀನು ಬಿದ್ದರೆ ಹೊತ್ತು ತರಲು ನಾಲ್ಕು ಜನ ಬೇಕು. ಆ ನಾಲ್ಕು ಜನ ನನ್ನ ಹತ್ತಿರ ಇಲ್ಲ." ಹಿಂದಿನವರು ನನ್ನನ್ನು ದಾಟಿಕೊಂಡು ಮುಂದೆ ಹೋದರು. ಮೈಸೂರು ಕಡೆಯ ಒಬ್ಬ ಹುಡುಗಿ ಮಾತ್ರ ನಿಂತಳು. ಸಮಾಧಾನ ಹೇಳುತ್ತಾಳೆ ಅಂದುಕೊಂಡೆ. "ಮೇಡಂ, ನಿಮ್ಮ ಚಾಕೊಲೇಟು ಕೊಡ್ತೀರಾ? ನೀವು ಇಳಿಯೋರಲ್ವಾ" ಅಂದಳು. ಕೊಟ್ಟೆ. ಅವಳು ಶಿಖರ ಮುಟ್ಟಿ ಬಂದಳು.

ಬೇಸ್ ಕ್ಯಾಂಪಿನಲ್ಲಿ ಸಿಗ್ನಲ್ ಇರಲಿಲ್ಲ. ಅಲ್ಲಿಂದ ಎರಡು ದಿನ ಇಳಿದರೆ ರಸ್ತೆ ಇರುವ ಹಳ್ಳಿ. ಅಲ್ಲಿ ಒಂದು ಚಹದ ಅಂಗಡಿಯ ಮುಂದೆ ಫೋನಿಗೆ ಜೀವ ಬಂತು. ರೂಢಿ ಕೈಬಿಡುವುದಿಲ್ಲ. ಅಕ್ಕನಿಗೆ ಫೋನು ಹಚ್ಚಿದೆ.

"ಅಕ್ಕಾ, ಮುಟ್ಟೀನಿ."

ಆ ಕಡೆ ಗಾಳಿ, ಹೆಂಗಸರ ಮಾತು. ಅವಳು ಹೊಲದಲ್ಲಿದ್ದಳು. ಕಿವಿ ಕಿತ್ತುಹೋಗುವ ಹಾಗೆ ಚೀರಿದಳು: "ಮುಟ್ಟಿದ್ಯಾ! ಲೇ ಕೇಳ್ರಿ ಇಲ್ಲೆ, ಮುಟ್ಟಿದ್ಲಂತ! ನಮ್ಮಾಕಿ ಮುಟ್ಟಿದ್ಲಂತ!" ಆಮೇಲೆ ಲೈನು ಕಟ್ಟಾಯಿತು.

ಹಳ್ಳಿಗೆ ಸುರಕ್ಷಿತವಾಗಿ ಬಂದು ಮುಟ್ಟಿದೆ ಎಂದು ನಾನು ಹೇಳಿದ್ದು. ಶಿಖರ ಮುಟ್ಟಿದೆ ಎಂದು ಅವಳು ಕೇಳಿಸಿಕೊಂಡದ್ದು. ನಾನು ಎಲ್ಲರಿಗೂ ಹೇಳಿರುವುದು ಹೀಗೇ.

ದಿಲ್ಲಿಗೆ ಬರುವಷ್ಟರಲ್ಲಿ ಫೋನಿನ ತುಂಬ ಅಭಿನಂದನೆ. ಕಾಲೇಜಿನ ಸಹೋದ್ಯೋಗಿಯೊಬ್ಬ ಒಂದು ಫೋಟೊ ಕಳಿಸಿದ್ದ: ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿದ ಫ್ಲೆಕ್ಸು, ಅದರಲ್ಲಿ ನಾನು. ಕೆಳಗೆ ಬರೆದಿದ್ದ: "ಮೇಡಂ, ಊರೆಲ್ಲಾ ನೀವೇ ಅದೀರಿ." ರೈಲಿನಲ್ಲಿ ಕೂತು ಆ ಫೋಟೊವನ್ನು ದೊಡ್ಡದು ಮಾಡಿ ಸಣ್ಣದು ಮಾಡಿ ನೋಡಿದೆ. ಒಂದು ಫೋನಿನಲ್ಲಿ ತಿದ್ದಬಹುದಾದ ತಪ್ಪು. ತಿದ್ದುವುದೇ ನನ್ನ ಕಸುಬು. ಗುಂತಕಲ್ಲಿನಲ್ಲಿ ಇಳಿದು ಬಳ್ಳಾರಿಯ ಗಾಡಿ ಹತ್ತುವವರೆಗೂ ನಾನು ಯಾರಿಗೂ ಫೋನು ಮಾಡಲಿಲ್ಲ.

ಬಳ್ಳಾರಿ ಸ್ಟೇಷನ್ನಿನಲ್ಲಿ ಇಳಿದರೆ ಜೂನಿನ ಬಿಸಿಲು ಮುಖಕ್ಕೆ ಬಡಿಯಿತು. ಅಕ್ಕ ಚೆಂಡುಹೂವಿನ ಹಾರ ಹಿಡಿದು ನಿಂತಿದ್ದಳು, ಹಿಂದೆ ಅವಳ ಗುಂಪಿನ ಐದಾರು ಹೆಂಗಸರು. ನನ್ನ ಮೂಗಿನ ಸಿಪ್ಪೆ ಸುಲಿದಿತ್ತು, ಮುಖ ಸುಟ್ಟ ಬದನೆಕಾಯಿ ಆಗಿತ್ತು. ನನ್ನ ಬಾಡಿಗೆ ಮನೆಯ ಒಡತಿಯೂ ನೋಡಲು ಬಂದಿದ್ದಳು. "ಹಿಮದಾಗ ಹೋದೋರು ಬೆಳ್ಳಗಾಗ್ತಾರ ಅಂತ ತಿಳಿದಿದ್ನೆವ್ವಾ. ನೀನೇನು ಇದ್ದಿದ್ದ ಬಣ್ಣಾನೂ ಅಲ್ಲೇ ಬಿಟ್ಟು ಬಂದಿ?" ಅಂದಳು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ನನ್ನ ಎಡಗೈ ಹಿಡಿದು ತಿರುಗಿಸಿ, ಕರ್ರಗಾಗಿ ಚರ್ಮ ಏಳುತ್ತಿದ್ದ ಎರಡು ಬೆರಳು ನೋಡಿದಳು.

"ಇವೇನ ಮುಟ್ಟಿದ ಬೆರಳು?"

ಉತ್ತರಕ್ಕೂ ಕಾಯದೆ ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಹಿಂದಿನ ಹೆಂಗಸರೂ ಒಬ್ಬೊಬ್ಬರೇ ಬಂದು ಬೆರಳು ಮುಟ್ಟಿ ನೋಡಿದರು. ಆಗ ಹೇಳಬಹುದಿತ್ತು. ಅಲ್ಲಿ ಇದ್ದವರು ಎಂಟು ಜನ. ಎಂಟು ಜನರ ಮುಂದೆ ಆಗುವ ಅವಮಾನ ಸಣ್ಣದು. ಹಸಿವಾಗಿದೆ ಅಂದೆ. ಸ್ಟೇಷನ್ನಿನ ಎದುರು ಅಕ್ಕ ಒಗ್ಗರಣಿ ಮಂಡಕ್ಕಿ, ಮಿರ್ಚಿ ಕೊಡಿಸಿದಳು. ಎರಡು ಪ್ಲೇಟು ತಿಂದೆ.

ಮರುದಿನ ಭಾನುವಾರ. ನಾನು ಓದಿದ ಕುರುಗೋಡಿನ ಹೈಸ್ಕೂಲಿನಲ್ಲಿ ಸನ್ಮಾನ. ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೇ ಆ ಫ್ಲೆಕ್ಸು. ಯಾವುದೋ ಬೇರೆ ಪರ್ವತದ ಚಿತ್ರದ ಮೇಲೆ ನನ್ನ ಕಾಲೇಜು ಗುರುತಿನ ಚೀಟಿಯ ಮುಖ. "ಹಿಮಾಲಯ ಮುಟ್ಟಿ ಬಂದ ಕುರುಗೋಡಿನ ಮಗಳಿಗೆ ಹಾರ್ಧಿಕ ಸುಸ್ವಾಗತ." ಕೆಳಗೆ ಎಡಮೂಲೆಯಲ್ಲಿ ಅಕ್ಕನ ಪಾಸ್‌ಪೋರ್ಟ್ ಫೋಟೊ, ಎಣ್ಣೆ ಹಚ್ಚಿ ಬಾಚಿದ ತಲೆ, ಹೆದರಿದ ಕಣ್ಣು. ಅದರ ಮುಂದೆ: "ಶುಭ ಕೋರುವವರು: ಅಕ್ಕ ಹಾಗೂ ನಾಟಿ ಬಳಗ, ಸಿರುಗುಪ್ಪ." ಅಕ್ಕನ ಮುಖ ಇಷ್ಟು ದೊಡ್ಡದಾಗಿ ಎಲ್ಲೂ ಅಚ್ಚಾಗಿರಲಿಲ್ಲ. ಅವಳು ಫ್ಲೆಕ್ಸನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು.

"ಹಾರ್ದಿಕಕ್ಕೆ ಮಹಾಪ್ರಾಣ ಬರಲ್ಲ ಅಕ್ಕ. ದಕಾರ ಬರಬೇಕು, ಧಕಾರ ಹಾಕ್ಯಾರ" ಅಂದೆ.

ಅವಳು ಫ್ಲೆಕ್ಸಿನ ಕಡೆ ತಿರುಗಿ ನೋಡಿದಳು. ಎಲ್ಲಿ ಅಂತ ಅವಳಿಗೆ ತಿಳಿಯಲಿಲ್ಲ. "ಅಂಗಡ್ಯಾವ ಮಾಡಿದ್ದು. ನನಗೇನ ಗೊತ್ತಾಗತೈತಿ" ಅಂದಳು.

ಸಾಲಿಯ ಸಭಾಂಗಣದಲ್ಲಿ ಜನ ತುಂಬಿದ್ದರು. ಅಕ್ಕನ ಗುಂಪಿನ ಹದಿನಾಲ್ಕೂ ಹೆಂಗಸರು ಟೆಂಪೊ ಮಾಡಿಕೊಂಡು ಸಿರುಗುಪ್ಪದಿಂದ ಬಂದು ಮುಂದಿನ ಎರಡು ಸಾಲಿನಲ್ಲಿ ಕೂತಿದ್ದರು. ಪೆಟ್ಟಿಗೆಯಿಂದ ತೆಗೆದ ಸೀರೆಯ ಮಡಿಕೆ ಬಿದ್ದ ಗೆರೆಗಳು ಎದ್ದು ಕಾಣುತ್ತಿದ್ದವು. ಹೆಡ್‌ಮಾಸ್ತರರು ನನ್ನ ಬಗ್ಗೆ ಬಹಳ ಮಾತಾಡಿದರು. ನಾನು ಗಣಿತದಲ್ಲಿ ಹುಷಾರಿದ್ದದ್ದು, ದೀಪದ ಕೆಳಗೆ ಓದಿದ್ದು. ಕೊನೆಗೆ, "ಈಗ ಇವರ ಅಕ್ಕನವರು ವೇದಿಕಿಗೆ ಬಂದು ಶಾಲು ಹೊದಿಸ್ತಾರ" ಅಂದರು. ಅಕ್ಕ ಶಾಲು ಹಿಡಿದು ವೇದಿಕೆಯ ಮೆಟ್ಟಿಲ ಹತ್ತಿರ ಬಂದಳು. ಚಪ್ಪಲಿ ಬಿಟ್ಟು ಒಂದು ಮೆಟ್ಟಿಲ ಮೇಲೆ ಕಾಲಿಟ್ಟಳು.

ಆಗ, ಫ್ಲೆಕ್ಸಿನ ಫೋಟೊ ಕಳಿಸಿದ್ದ ನನ್ನ ಸಹೋದ್ಯೋಗಿ ಎದ್ದು ನಿಂತ. ಕೈಯಲ್ಲಿ ಫೋನು.

"ಒಂದು ನಿಮಿಷ ರೀ ಸರ್. ಮೇಡಂ, ನಿಮ್ಮ ತಂಡದೋರು ಲಿಸ್ಟ್ ಹಾಕ್ಯಾರ ನೋಡ್ರಿ. ಶಿಖರ ಏರಿದೋರು ಎಂಟು ಮಂದಿ. ಇದರಾಗ ನಿಮ್ಮ ಹೆಸರ ಕಾಣವಲ್ದು. ನನಗ ಸರಿಯಾಗಿ ಕಾಣವಲ್ದೋ ಏನೋ, ನೀವ ಹೇಳ್ರಿ."

ಅವನ ದನಿಯಲ್ಲಿ ಅನುಮಾನ ಇರಲಿಲ್ಲ. ಖುಷಿ ಇತ್ತು. ಹೆಡ್‌ಮಾಸ್ತರರು ನನ್ನ ಮುಂದೆ ಮೈಕು ಸರಿಸಿದರು. ಅಕ್ಕ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಆತಂಕವೇನೂ ಇರಲಿಲ್ಲ. ಈಗ ಇವನ ಬಾಯಿ ಮುಚ್ಚಿಸುತ್ತಾಳೆ ನೋಡ್ರಿ ಎಂಬಂತೆ ಹೆಂಗಸರ ಕಡೆ ತಿರುಗಿ ತಲೆ ಆಡಿಸಿದಳು.

ನಾನು ಕಲಿಸುವವಳು. ಮೈಕು ಕಂಡರೆ ನನ್ನ ದನಿ ತಾನೇ ಗಟ್ಟಿಯಾಗುತ್ತದೆ.

"ಲಿಸ್ಟ್ ಸರಿ ಐತ್ರಿ. ನಾನು ಶಿಖರ ಮುಟ್ಟಿಲ್ಲ. ಇನ್ನೂರು ಮೀಟರ್ ಕೆಳಗಿಂದ ವಾಪಸ್ ಬಂದೀನಿ. ಮುಟ್ಟೀನಿ ಅಂತ ನಾನು ಯಾರಿಗೂ ಹೇಳಿಲ್ಲ. ಹಳ್ಳಿಗೆ ಮುಟ್ಟೀನಿ ಅಂತ ಮನಿಗೆ ಫೋನ್ ಮಾಡಿದ್ದೆ. ನಮ್ಮಕ್ಕ ಸಾಲಿ ಕಲತಾಕಿ ಅಲ್ರಿ. ನಾ ಒಂದು ಹೇಳಿದ್ರ ಆಕಿ ಒಂದು ತಿಳಕೊಂಡು ಊರ ತುಂಬಾ ಸಾರಿಬಿಟ್ಟಾಳ. ಫ್ಲೆಕ್ಸಿನಾಗ ಕಾಗುಣಿತಾನೂ ತಪ್ಪೈತಿ, ನೋಡಿರಬೇಕು ನೀವು."

ಕಾಗುಣಿತದ ಮಾತು ನನ್ನ ಬಾಯಿಂದ ಯಾಕೆ ಬಂತು ಎಂದು ಈಗಲೂ ನನಗೆ ತಿಳಿಯದು. ಅದು ಬೇಕಿರಲಿಲ್ಲ. ಅದಕ್ಕೇ ಜನ ಮೊದಲು ನಕ್ಕರು. ಹಿಂದಿನ ಸಾಲಿನಿಂದ ಶುರುವಾದ ನಗು ಮುಂದಕ್ಕೆ ಬಂತು. ಆಮೇಲೆ ಹೆಡ್‌ಮಾಸ್ತರರು ಎದ್ದು, "ನೋಡ್ರಿ, ಎಷ್ಟು ಪ್ರಾಮಾಣಿಕತಿ! ಇದು ವಿದ್ಯಾದ ಗುಣ" ಅಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಶಿಖರ ಮುಟ್ಟಿದ್ದರೂ ಅಷ್ಟು ಚಪ್ಪಾಳೆ ಬೀಳುತ್ತಿರಲಿಲ್ಲ.

"ಬರ್ರಿ ಅಮ್ಮಾ, ಶಾಲು ಹೊದಿಸ್ರಿ" ಅಂತ ಹೆಡ್‌ಮಾಸ್ತರರು ಕರೆದರು.

ಅಕ್ಕ ಮೇಲೆ ಬಂದಳು. ಶಾಲು ಬಿಡಿಸಿ ನನ್ನ ಹೆಗಲಿಗೆ ಹೊದಿಸಿ ಅಂಚು ನೇರ ಮಾಡಿದಳು. ಫೋಟೊದವನು ನಗ್ರಿ ಅಂದ. ನಕ್ಕಳು. ನನ್ನ ಕಿವಿಯ ಹತ್ತಿರ, "ಒಂದ ಪಿನ್ನು ಐತಿ, ಚುಚ್ಚತೈತಿ ನೋಡ್ಕೊ" ಅಂದಳು. ಅಷ್ಟೇ ಅಂದದ್ದು.

ಕೆಳಗೆ ಟೆಂಪೊ ಹತ್ತುವಾಗ ಅವಳ ಗುಂಪಿನವಳೊಬ್ಬಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ಅಕ್ಕಾ, ಇನ್ನೊಂದ ಸಲ ಸುಳ್ಳಿಗೆ ಚಪ್ಪಾಳಿ ಹೊಡ್ಯಾಕ ಕರಕೊಂಡ ಹೋಗಾದಿದ್ರ ಮೊದ್ಲ ಹೇಳು. ಹಳೀ ಸೀರಿ ಉಟ್ಗೊಂಡು ಬರತೀನಿ." ಟೆಂಪೊ ನಗುತ್ತಲೇ ಹೊರಟಿತು. ಅಕ್ಕ ಡ್ರೈವರನ ಪಕ್ಕ ಕೂತಿದ್ದಳು. ತಿರುಗಿ ನೋಡಲಿಲ್ಲ.

ಸಂಜೆಯಾದರೂ ಫೋನು ಬರಲಿಲ್ಲ. ನಾನೇ ಹಚ್ಚಿದೆ. ಭಾವ ಎತ್ತಿದ.

"ಅಕ್ಕ ಮುಟ್ಟಿದ್ಲೇನ್ರಿ ಭಾವ?"

"ಬಂದಾಳ. ರೊಟ್ಟಿ ಬಡ್ಯಾಕತ್ಯಾಳ."

"ಕೊಡ್ರಿ ಫೋನು. ಮುಟ್ಟೀನಿ ಅಂತ ಹೇಳ್ಲೇ ಇಲ್ಲ ಆಕಿ."

ಅವನು ಒಳಗೆ ತಿರುಗಿ ಕೇಳಿದ. ರೊಟ್ಟಿ ಬಡಿಯುವ ಸದ್ದು ನಿಂತಿತು, ಮತ್ತೆ ಶುರುವಾಯಿತು. ಭಾವ ಅಂದ: "ಕೈ ಹಿಟ್ಟಾಗ್ಯಾವಂತ. ಬಂದಾಳ ಅಂತ ಹೇಳ್ರಿ, ಮುಟ್ಯಾಳ ಅಂತ ಹೇಳಬ್ಯಾಡ್ರಿ ಅಂತಾಳ."

ಹೋಗಬೇಕಿತ್ತು. ಕಾಲೇಜು ಶುರುವಾಯಿತು, ಪರೀಕ್ಷೆ ಬಂತು, ಬಳ್ಳಾರಿಯಲ್ಲಿ ನನ್ನ ಪ್ರಾಮಾಣಿಕತೆಯ ಬಗ್ಗೆ ಮಾತಾಡಲು ಎರಡು ಶಾಲೆಗಳು ನನ್ನನ್ನು ಕರೆದವು. ಹೋಗಿ ಮಾತಾಡಿದೆ. ಕಾರಣಗಳನ್ನು ಹೇಳುತ್ತಿದ್ದೇನೆ. ಖರೆ ಎಂದರೆ ನಾನು ಸಿರುಗುಪ್ಪಕ್ಕೆ ಹೋದದ್ದು ಎಂಟು ತಿಂಗಳ ಮೇಲೆ, ಮೆಣಸಿನಕಾಯಿ ಒಣಗಿಸುವ ಕಾಲಕ್ಕೆ.

ಅಕ್ಕನ ಮನೆಯ ಮುಂದಿನ ಅಂಗಳದಲ್ಲಿ ಕೆಂಪಗೆ ಕಾಯಿ ಹರಡಿತ್ತು. ನಾಲ್ಕೈದು ಹೆಂಗಸರು ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಘಾಟಿಗೆ ನನಗೆ ಸೀನು ಬಂತು. ಅಕ್ಕ ತಲೆ ಎತ್ತಿ, "ಬಾ, ನೀರ ಕುಡಿ" ಅಂದಳು, ಕೈ ನಿಲ್ಲಿಸಲಿಲ್ಲ. ಕಾಯಿಯ ಅಡಿಯಲ್ಲಿ ಹಾಸಿದ್ದು ಆ ಫ್ಲೆಕ್ಸು. ಪರ್ವತದ ತುದಿ ಒಂದು ಕಡೆ ಕಾಣುತ್ತಿತ್ತು. ಕಾಯಿ ಸರಿದ ಜಾಗದಲ್ಲಿ ನನ್ನ ಒಂದು ಕಣ್ಣು ಕಾಣುತ್ತಿತ್ತು.

"ಮುಖದ ಮ್ಯಾಲೇ ಹಾಕಿಯಲ್ಲ ಅಕ್ಕ, ತಿರುವಿ ಹಾಸಬೇಕಿಲ್ಲ?"

"ಹಿಂದಿನ ಮಗ್ಗಲ ಮಣ್ಣ ಹಿಡೀತೈತಿ" ಅಂದಳು. "ಆ ತಪ್ಪ ಅಕ್ಷರದ ಮ್ಯಾಲ ದಟ್ಟಗ ಹಾಕೀನಿ ನೋಡು. ಯಾರಿಗೂ ಕಾಣಬಾರದಂತ."

ಕೆಳಗಿನ ಎಡಮೂಲೆ ಇರಲಿಲ್ಲ. ಅಕ್ಕನ ಫೋಟೊ ಇದ್ದಷ್ಟು ಜಾಗವನ್ನು ಕುಡುಗೋಲಿನಿಂದ ಕೊಯ್ದು ತೆಗೆದಿದ್ದಳು. ಆ ತುಂಡು ಏನಾಯಿತೆಂದು ನಾನು ಕೇಳಲಿಲ್ಲ.

ಹೆಂಗಸರು ಮಾತಾಡುತ್ತಿದ್ದರು. ಒಬ್ಬಳು, ನಾಳೆ ಸಾಹುಕಾರ ಎಲ್ಲರಿಗೂ ಊಟ ಹಾಕಿಸುತ್ತಾನಂತೆ ಅಂದಳು. ಆಂಧ್ರದ ಕಡೆಯಿಂದ ಬಂದ ಸೊಸೆಯೊಬ್ಬಳು ತನ್ನ ತೆಲುಗಿನಲ್ಲೇ, "ನಿಜಮಾ, ಹಿಮಾಲಯಮಾ?" ಅಂದಳು. ಎಲ್ಲರೂ ಒಟ್ಟಿಗೆ ನಕ್ಕರು. ನನಗೆ ಅರ್ಥವಾಗದ್ದು ನೋಡಿ ಪಕ್ಕದವಳು ಬಿಡಿಸಿ ಹೇಳಿದಳು: "ನಮ್ಮ ಗುಂಪಿನಾಗ ಸುಳ್ಳಿಗೆ ಹಿಮಾಲಯ ಅಂತೀವ್ರಿ ಮೇಡಂ. ನಿಮ್ಮಕ್ಕ ತಂದ ಮಾತು." ಅಕ್ಕನೂ ನಕ್ಕಳು. ಬಹಳ ದಿನದಿಂದ ನಕ್ಕು ರೂಢಿಯಾದ ನಗು ಅದು.

ಆ ಮಾತು ಏನು ಮಾಡಿತು ಎಂದು ಆ ಹೆಂಗಸೇ ಹೇಳಿದಳು, ಅಕ್ಕನ ಎದುರಿಗೇ. ನಾಟಿಯ ಕಾಲದಲ್ಲಿ ಒಂದು ದಿನ ಅಕ್ಕ ಆರಕ್ಕೆ ಆಟೋ ಅಂದಿದ್ದಳು. ಆಟೋ ಬರಲಿಲ್ಲ. ಮೊದಲಾಗಿದ್ದರೆ ಕಾಯುತ್ತಿದ್ದರು. ಅವತ್ತು ಯಾರೋ "ಹಿಮಾಲಯ ಬಿಡ್ರೇ, ನಡೀರಿ" ಅಂದರು, ಎಲ್ಲರೂ ನಗುತ್ತಾ ಮನೆಗೆ ಹೋದರು. ಅರ್ಧ ಗಂಟೆಗೆ ಆಟೋ ಬಂತು. ಬೇವಿನ ಮರದ ಕೆಳಗೆ ಅಕ್ಕ ಒಬ್ಬಳೇ. ಸಾಹುಕಾರ ನಾಟಿಗೆ ಕಿತ್ತಿಡಿಸಿದ್ದ ಸಸಿ ಗದ್ದೆಯಲ್ಲೇ ಬಾಡಿತು. ಮರುದಿನದಿಂದ ಅವನ ಫೋನು ಅಕ್ಕನಿಗೆ ಬರಲಿಲ್ಲ, ಆ ತೆಲುಗು ಸೊಸೆಗೆ ಬಂತು. ಈಗ ಆಕೆ ಕರೆದರೆ ಅಕ್ಕ ಕೆಲಸಕ್ಕೆ ಹೋಗುತ್ತಾಳೆ.

ಹೆಂಗಸರು ಊಟಕ್ಕೆ ಎದ್ದ ಮೇಲೆ ನಾನು ಅಕ್ಕನ ಪಕ್ಕ ಕೂತು ತೊಟ್ಟು ಬಿಡಿಸಲು ಕೈ ಹಾಕಿದೆ. ಬೆರಳ ತುದಿಯ ಹೊಸ ಚರ್ಮಕ್ಕೆ ಖಾರ ತಾಗಿ ಉರಿಯಿತು.

"ನಾ ಸುಳ್ಳ ಹೇಳಿದ್ದಿಲ್ಲ ಅಕ್ಕ. ನೀ ತಪ್ಪ ತಿಳಕೊಂಡಿ. ಆದ್ರ ಎಲ್ಲಾರ ಮುಂದ ಹಂಗ ಅನ್ನಬಾರದಿತ್ತು."

ಅಕ್ಕ ಒಂದು ಕಾಯಿಯ ತೊಟ್ಟು ಮುರಿದು ಎಸೆದಳು.

"ತಣ್ಣಗಿತ್ತಾ ಅಂತ ಕೇಳಿದ್ನಿ ನಾನು" ಅಂದಳು. "ಏನಂದಿ ನೀನು?"

ಮೇಲೆ ಆ ಫೋನಿನ ಮಾತನ್ನು ಬರೆಯುವಾಗ ನಾನು ಪೂರ್ತಿ ಬರೆಯಲಿಲ್ಲ. ಎಲ್ಲರಿಗೂ ಹೇಳಿದ ಹಾಗೆ ಬರೆದೆ. ಉಳಿದದ್ದು ಇದು. ಅಕ್ಕ ಹೆಂಗಸರಿಗೆ ಕೂಗಿ ಹೇಳಿದ ಮೇಲೂ ಲೈನು ಕಟ್ಟಾಗಿರಲಿಲ್ಲ. ಅವಳು ಮತ್ತೆ ಫೋನಿಗೆ ಬಂದು ಕೇಳಿದಳು: "ಕೈಲೇ ಮುಟ್ಟಿದ್ಯಾ? ತುದಿ ತಣ್ಣಗಿತ್ತಾ?" ನಾನು ಚಹದ ಅಂಗಡಿಯ ಮುಂದೆ ನಿಂತಿದ್ದೆ. ತಪ್ಪು ತಿಳಿದಳು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ನಾನು ಅಂದೆ: "ಹೂಂ. ಭಾಳ ತಣ್ಣಗಿತ್ತು." ಆಮೇಲೆ ಲೈನು ಕಟ್ಟಾಯಿತು. ಅದು ತಾನಾಗಿ ಕಟ್ಟಾಯಿತೋ, ನಾನು ಕಟ್ ಮಾಡಿದೆನೋ, ಅದನ್ನು ಮಾತ್ರ ಕೇಳಬೇಡಿ.

"ಆ ಮಾತು ನೀ ಅವತ್ತು ಹೇಳಬಹುದಿತ್ತಲ್ಲ" ಅಂದೆ. "ಮೆಟ್ಟಲದ ಮ್ಯಾಲ ನಿಂತಿದ್ದಿ. ಎಲ್ಲಾರೂ ಇದ್ರು. ತಣ್ಣಗಿತ್ತು ಅಂದಾಳ ಅಂತ ಒಂದ ಮಾತು ಹೇಳಿದ್ರ ಮುಗೀತಿತ್ತು. ಯಾಕ ಹೇಳ್ಲಿಲ್ಲ?"

"ನಾ ಸಾಲಿ ಕಲತಾಕಿ ಅಲ್ಲಲ್ಲ" ಅಂದಳು ಅಕ್ಕ. ಸಿಟ್ಟಿಲ್ಲದೆ ಅಂದಳು. ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಹೆಂಗಸರು ಊಟ ಮುಗಿಸಿ ಬಂದು ಮತ್ತೆ ಸುತ್ತ ಕೂತರು. ನಾನು ಅವರಿಗೆ ಹೇಳಬಹುದಿತ್ತು: ನಿಮ್ಮ ಹಿಮಾಲಯ ನಿಮ್ಮ ಅಕ್ಕನದಲ್ಲ, ನನ್ನದು ಎಂದು. ಅವರು ಐದು ಜನ. ನಾನು ಚೀಲ ಹೆಗಲಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಅಂದೆ.

ತೆಕ್ಕಲಕೋಟೆ ದಾಟಿ ಬಸ್ಸು ಬಳ್ಳಾರಿಗೆ ಬಂದಾಗ ಇನ್ನೂ ಬಿಸಿಲಿತ್ತು. ಸ್ಟ್ಯಾಂಡಿನಲ್ಲಿ ಇಳಿದೆ. ಕೈ ತಾನೇ ಫೋನು ತೆಗೆಯಿತು. ಅಕ್ಕನೇ ಎತ್ತಿದಳು. ಹಿಂದೆ ಹೆಂಗಸರ ಮಾತು ಕೇಳುತ್ತಿತ್ತು, ಅವರಿನ್ನೂ ಅಂಗಳದಲ್ಲೇ ಇದ್ದರು.

"ಅಕ್ಕಾ, ಮುಟ್ಟೀನಿ."

ಅವಳು ಹೂಂ ಅನ್ನಲಿಲ್ಲ.

"ಖರೇನ, ಹಿಮಾಲಯನ?" ಅಂದಳು.

ಅಂಗಳದ ತುಂಬ ನಗು ಎದ್ದಿತು. ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವಳು ಅಕ್ಕ.